ಭಾವನ ಮೋಡದ ಅಂಗಡಿ

ನನಗೆ ಬರುವುದು ಒಂದೇ ವಿದ್ಯೆ: ಇನ್ನೊಬ್ಬರ ಧ್ವನಿ ಕದಿಯುವುದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ನ್ಯೂ ಟೌನ್ ಕ್ವಾರ್ಟರ್ಸಿನಲ್ಲಿ ಬೆಳೆದವನಿಗೆ ಅದೇನು ಮಹಾ ಅಲ್ಲ. ಎಡಗಡೆ ಮನೆಯವರು ತಮಿಳಿನಲ್ಲಿ ಜಗಳವಾಡುತ್ತಿದ್ದರು, ಬಲಗಡೆ ಮನೆಯವರು ತೆಲುಗಿನಲ್ಲಿ, ನಮ್ಮಪ್ಪ ಇಬ್ಬರಿಗೂ ಕನ್ನಡದಲ್ಲಿ ತೀರ್ಪು ಕೊಡುತ್ತಿದ್ದರು. ಆಮೇಲೆ ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಎಂ.ಕಾಂ. ಮಾಡಿದೆ. ಅಲ್ಲಿಂದ ಹೊತ್ತುಕೊಂಡು ಬಂದದ್ದು ಒಂದು ಸರ್ಟಿಫಿಕೇಟು, ಏಳೆಂಟು ಬಸ್ ಕಂಡಕ್ಟರುಗಳ ದನಿ. ಈವರೆಗೆ ಉಪಯೋಗಕ್ಕೆ ಬಂದಿರುವುದು ಎರಡನೆಯದು.

ಕೆಲಸ ಸಿಗದೆ ಮನೆಯಲ್ಲಿ ಕೂತಿದ್ದಾಗ ಭಾವ, ಅಂದರೆ ಅಕ್ಕನ ಗಂಡ, ಕರೆದರು. ಶಿವಮೊಗ್ಗದಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ಅವರದೊಂದು ಗೇಮ್ ಸೆಂಟರ್ ಇತ್ತು. ಭಾನುವಾರದ ಫುಟ್‌ಬಾಲ್ ಆಟಗಳಿಗೆ ಬೇರೆಬೇರೆ ದನಿಯಲ್ಲಿ ಕಾಮೆಂಟರಿ ಹೇಳುವುದು ನನ್ನ ಹುದ್ದೆಯಾಯಿತು. ಸಂಬಳ, ಕೆಳಗಿನ ಬೇಕರಿಯ ಖಾರಾ ಬನ್ನು.

ಭಾವ ಮೊದಲು ಮೆಡಿಕಲ್ ರೆಪ್ ಆಗಿದ್ದವರು. ಹನ್ನೊಂದು ವರ್ಷ ಡಾಕ್ಟರುಗಳ ಬಾಗಿಲಲ್ಲಿ, ರೋಗಿಗಳೆಲ್ಲ ಒಳಗೆ ಹೋಗಿ ಬರುವವರೆಗೂ ಚರ್ಮದ ಬ್ಯಾಗು ಹಿಡಿದು ನಿಂತವರು. ಅವರು ನಿಲ್ಲುತ್ತಿದ್ದ ಭಂಗಿಯನ್ನು ನಾನು ಮದುವೆಮನೆಗಳಲ್ಲಿ ಮಾಡಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ಭಾವ ಕೂಡ ನಗುತ್ತಿದ್ದರು. ಒಂದು ಸಲ ಮಾತ್ರ ಪಕ್ಕಕ್ಕೆ ಕರೆದು ಹೇಳಿದರು: "ಅಂಗಡಿ ನಡೀಲಿಲ್ಲ ಅಂದ್ರೆ ಮತ್ತೆ ಆ ಬ್ಯಾಗು ಹಿಡೀಬೇಕು ಮಾರಾಯ. ನನ್ ಕೈಲಾಗಲ್ಲ." ಆ ಬ್ಯಾಗು ಅಂಗಡಿಯ ಮೇಜಿನ ಕೆಳಗೇ ಇತ್ತು. ಅದರೊಳಗೆ ಹಳೆ ವೈರುಗಳನ್ನು ತುಂಬಿಟ್ಟಿದ್ದರು.

ಅಂಗಡಿಯ ಆರು ಕಂಪ್ಯೂಟರುಗಳಿಗೂ ವಯಸ್ಸಾಗಿತ್ತು. ಹೊಸ ಆಟ ಹಾಕಿದರೆ ಹೊಟ್ಟೆಯೊಳಗೆ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡು ಕಾದು ಗೊರಗೊರ ಎನ್ನುತ್ತಿತ್ತು. ಒಮ್ಮೆ ನೋಡಲು ಬಂದ ಅಪ್ಪ, "ನಮ್ ಫರ್ನೇಸ್ ಹತ್ರನೂ ಇಷ್ಟು ಸೆಕೆ ಇರ್ಲಿಲ್ಲ ಕಣೋ" ಎಂದು ಹೊರಗೆ ಹೋಗಿ ನಿಂತಿದ್ದರು. ಆಗಲೇ ಭಾವನ ತಲೆಗೆ ಕ್ಲೌಡ್ ಗೇಮಿಂಗ್ ಹೊಕ್ಕಿದ್ದು. ಆಟ ಓಡುವುದು ದೂರದ ಯಾವುದೋ ಊರಿನ ದೊಡ್ಡ ಯಂತ್ರದಲ್ಲಿ. ನಾವು ಒತ್ತಿದ ಗುಂಡಿಯ ಸುದ್ದಿ ಅಲ್ಲಿಗೆ ಹೋಗುತ್ತದೆ, ಅಲ್ಲಿಂದ ಚಿತ್ರ ಇಲ್ಲಿಗೆ ಬರುತ್ತದೆ.

"ಡೌನ್‌ಲೋಡ್ ಬೇಡ, ಕಾರ್ಡ್ ಬೇಡ, ಒಂದು ಟೀವಿ ಇದ್ರೆ ಮುಗೀತು. ನಾಳೆ ಎಲ್ಲರೂ ಹಿಂಗೇ ಆಡೋದು," ಎಂದರು ಭಾವ.

"ಎಲ್ಲರ ಮನೇಲೂ ಟೀವಿ ಇದ್ಯಲ್ಲ ಭಾವ. ನಿಮ್ಮ ಅಂಗಡಿಗ್ಯಾಕೆ ಬರ್ತಾರೆ?"

"ನಿನ್ ಕಾಮೆಂಟರಿ ಕೇಳಕ್ಕೆ. ಸುಮ್ನಿರೋ."

ಟೆಸ್ಟ್ ಮಾಡಿದ್ದು ಒಂದು ಮಂಗಳವಾರದ ಮಧ್ಯಾಹ್ನ. ಅವತ್ತು ಆ ಬಡಾವಣೆಗೆ ಬೆಳಗ್ಗೆಯಿಂದ ಸಂಜೆಯವರೆಗೆ ಕರೆಂಟ್ ಇಲ್ಲವೆಂದು ಪೇಪರಿನಲ್ಲಿ ಬಂದಿತ್ತು. ಗಿರಾಕಿಗಳು ಬರುವುದಿಲ್ಲ, ಪುರುಸೊತ್ತಿದೆ, ಹೇಗೂ ಯುಪಿಎಸ್ ಇದೆ, ಇವತ್ತೇ ನೋಡೋಣ ಎಂದರು. ನೋಡಿದೆವು. ಆಟ ಬೆಣ್ಣೆಯ ಹಾಗೆ ಓಡಿತು. ಹುಲ್ಲಿನ ಒಂದೊಂದು ಎಸಳೂ ಕಾಣುತ್ತಿತ್ತು. ಭಾವ ಹೊಡೆದ ಚೆಂಡು ಅವರ ಬೆರಳು ಅಲುಗುವ ಮೊದಲೇ ಗೋಲಿನಲ್ಲಿದ್ದಂತೆ ನನಗೆ ಕಂಡಿತು.

ನಾನು ಸುಮ್ಮನಿರಬೇಕಿತ್ತು. ಆದರೆ ಬಾಯಿ ಕೇಳಬೇಕಲ್ಲ. ಗಂಟಲು ದಪ್ಪ ಮಾಡಿಕೊಂಡು ಅಪ್ಪನ ದನಿಯಲ್ಲಿ, "ಅಳಿಯಂದ್ರೇ, ಹಳೇ ಕಬ್ಬಿಣ ತಬ್ಕೊಂಡು ಎಷ್ಟು ದಿನ ಕೂರ್ತೀರಿ? ಮಾರಿ ಬಿಸಾಕಿ!" ಎಂದೆ. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ವಾರದೊಳಗೆ ಆರೂ ಕಂಪ್ಯೂಟರುಗಳು ಗೂಡ್ಸ್ ಆಟೋ ಹತ್ತಿದವು, ಅವುಗಳ ಜಾಗಕ್ಕೆ ಟೀವಿಗಳು ಬಂದವು.

ಮೊದಲ ಭಾನುವಾರ ಸಂಜೆ ಭದ್ರಾವತಿಯಿಂದ ನಮ್ಮ ಕಾಯಂ ಗಿರಾಕಿ ಬಂದರು. ಕಾಂಟ್ರಾಕ್ಟಿನ ಮೇಲೆ ವೆಲ್ಡಿಂಗ್ ಮಾಡುವವರು, ಮನೆಮಾತು ತಮಿಳು. ಆಟದಲ್ಲಿ ಗೋಲ್‌ಕೀಪರ್ ಆಗುವುದೆಂದರೆ ಪ್ರಾಣ. ಐದು ನಿಮಿಷ ಆಡಿ ಕಂಟ್ರೋಲರನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಅಣ್ಣಾ, ನಾನು ಒತ್ತಿದ್ದು ಇವನಿಗೆ ಯಾವಾಗ ಗೊತ್ತಾಗ್ತದೆ ಅಣ್ಣಾ? ಗೋಲಾದ ಮೇಲೆ ಹಾರ್ತಾನೆ!"

"ಕ್ಲೌಡು ಅಲ್ವೇನಪ್ಪ, ಅಭ್ಯಾಸ ಆಗ್ಬೇಕು," ಎಂದರು ಭಾವ.

"ಯಾರಿಗೆ ಅಣ್ಣಾ, ಅವನಿಗಾ ನನಗಾ?"

ಎಲ್ಲರೂ ನಕ್ಕರು. ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ನಾನು ಕಾಮೆಂಟರಿ ನಿಲ್ಲಿಸದೆ, ಚೆಂಡು ಆಕಾಶದಲ್ಲಿ ಮದುವೆಗೆ ಗಂಡು ನೋಡುತ್ತಾ ನಿಂತಿದೆ ಎಂದೆಲ್ಲ ಎಳೆದೆ. ಅದಕ್ಕೂ ನಕ್ಕರು. ನಾಲ್ಕನೆಯ ಸಲ ನಿಂತಾಗ ಯಾರೂ ನಗಲಿಲ್ಲ. ನನ್ನ ಕಸುಬಿನಲ್ಲಿ ನನಗೆ ಗೊತ್ತಿರುವ ಸತ್ಯ ಅದೊಂದೇ. ದನಿ ಎಷ್ಟು ಹೋಲಿದರೂ ಅರ್ಧ ಕ್ಷಣ ತಡವಾದರೆ ಜನ ಕೆಮ್ಮಲು ಶುರು ಮಾಡುತ್ತಾರೆ. ಅವತ್ತು ಅಂಗಡಿಯಲ್ಲಿ ತುಂಬ ಕೆಮ್ಮು ಕೇಳಿಸಿತು.

ಇಂಟರ್‌ನೆಟ್ ಲೈನಿನವನಿಗೆ ದಿನಾ ಫೋನು. ದಿನಾ ಒಂದೇ ಉತ್ತರ, "ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸಾರ್." ಅವನ ದನಿಯನ್ನು ಎರಡೇ ದಿನದಲ್ಲಿ ಕಲಿತು ಭಾವನಿಗೇ ಫೋನು ಮಾಡಿ ಸತಾಯಿಸಿದೆ. ಕೊನೆಗೆ ಅವನೇ ಒಂದು ದಿನ ಮೆಟ್ಟಿಲು ಹತ್ತಿ ಬಂದು, ಎಲ್ಲ ನೋಡಿ, ಕೇಳಿದ: "ಸಾರ್, ನೀವು ಚೆನ್ನಾಗಿ ಓಡ್ತು ಅಂತೀರಲ್ಲ, ಯಾವತ್ತು ಅದು?"

"ಮಂಗಳವಾರ ಮಧ್ಯಾಹ್ನ."

"ಅಯ್ಯೋ, ಅವತ್ತು ಏರಿಯಾ ಪೂರ್ತಿ ಕರೆಂಟಿರ್ಲಿಲ್ವಲ್ಲ ಸಾರ್! ಎಲ್ರ ಮನೆ ರೂಟರ್ ಆಫು. ಕಂಬದ ಮೇಲಿರೋ ನಮ್ಮ ಲೈನ್ ಡಬ್ಬಕ್ಕೆ ಬ್ಯಾಟರಿ ಇದೆ, ನಿಮಗೆ ಯುಪಿಎಸ್ ಇದೆ. ಇಡೀ ಬೀದಿ ಲೈನು ನಿಮ್ಮೊಬ್ರಿಗೇ ಸಿಕ್ಕಿದೆ. ಸಂಜೆ ಎಲ್ರೂ ಟೀವಿ ಹಾಕ್ಕೊಂಡು ಕೂತ್ರೆ ಎಲ್ಲಿಂದ ತರ್ಲಿ?"

ಅವನನ್ನು ಭಾವ ಮೆಟ್ಟಿಲವರೆಗೆ ಕಳಿಸಿ ಬಂದರು. ಆಮೇಲೆ, "ಮಾರಿ ಬಿಸಾಕಿ ಅಂದಿದ್ದು ಮಾವ ಅಲ್ಲ, ನೀನು," ಎಂದರು. ಕೋಪವಿರಲಿಲ್ಲ. ಯಾವ ದನಿಯಲ್ಲಿ ಉತ್ತರ ಕೊಡಬೇಕೋ ನನಗೆ ತಿಳಿಯಲಿಲ್ಲ. ನನ್ನದೇ ದನಿ ಯಾವುದೆಂದು ಹುಡುಕುವಷ್ಟರಲ್ಲಿ ಅವರು ಕೆಳಗಿಳಿದು ಹೋಗಿದ್ದರು.

ಈಗ ಯಾರಾದರೂ ನನ್ನನ್ನು, ಈ ಕ್ಲೌಡ್ ಗೇಮಿಂಗ್ ಜನಸಾಮಾನ್ಯರಿಗೆ ಒಗ್ಗುತ್ತದೆಯೇ ಎಂದು ಕೇಳಿದರೆ ನಾನು ವೆಲ್ಡರ್ ಅಣ್ಣನನ್ನು ನೆನೆಯುತ್ತೇನೆ. ಯಂತ್ರ ಕೊಳ್ಳಲಾಗದವರಿಗಾಗಿಯೇ ಇದು ಬಂದಿದೆ ಎನ್ನುತ್ತಾರೆ. ಆದರೆ ಯಂತ್ರ ಕೊಳ್ಳಲಾಗದವರ ಮನೆಗೆ ಅಂಥ ಲೈನೂ ಬಂದಿರುವುದಿಲ್ಲ. ಅಂಥ ಲೈನು ಹಾಕಿಸಿಕೊಳ್ಳುವವರು ಯಂತ್ರವನ್ನೂ ಕೊಂಡಿರುತ್ತಾರೆ. ನಡುವೆ ಉಳಿದವರು ಬಸ್ಸಿನಲ್ಲಿ ಕೂತು ಫೋನಿನಲ್ಲಿ ಪುಕ್ಕಟೆ ಆಟ ಆಡುತ್ತಾರೆ. ವೆಲ್ಡರ್ ಅಣ್ಣನೂ ಈಗ ಅದನ್ನೇ ಆಡುವುದು. ಎಂದಾದರೊಂದು ದಿನ ಲೈನು ಸುಧಾರಿಸೀತು. ಭಾವನ ಮಟ್ಟಿಗೆ ಆ ದಿನ ಬರಲಿಲ್ಲ.

ಕೊನೆಕೊನೆಗೆ ಭಾವ ಬೆಳಗ್ಗೆ ಎದ್ದು ಪೇಪರಿನಲ್ಲಿ ಕರೆಂಟ್ ಎಲ್ಲೆಲ್ಲಿ ಇಲ್ಲ ಎಂಬುದನ್ನೇ ಮೊದಲು ಓದುತ್ತಿದ್ದರು. ನಮ್ಮ ಬಡಾವಣೆಯ ಹೆಸರು ಕಂಡರೆ ಹಬ್ಬ. ಅಂಗಡಿಯ ಬೀಗದ ಕೈಯನ್ನು ಕಟ್ಟಡದ ಯಜಮಾನರಿಗೆ ಒಪ್ಪಿಸಬೇಕಾದ ವಾರದಲ್ಲೂ ಹಾಗೊಂದು ದಿನ ಸಿಕ್ಕಿತು. ಭಾವ ವೆಲ್ಡರ್ ಅಣ್ಣನಿಗೆ ಫೋನು ಮಾಡಿ ರಜೆ ಹಾಕಿಸಿ ಕರೆಸಿದರು. ಮೇಜಿನ ಕೆಳಗಿನ ಬ್ಯಾಗು ಆಗಲೇ ಖಾಲಿಯಾಗಿ, ಪಾಲಿಶ್ ಆಗಿ, ಕುರ್ಚಿಯ ಮೇಲೆ ಕೂತಿತ್ತು. ನಾವು ಮೂವರೂ ಅದರ ಕಡೆ ನೋಡಲಿಲ್ಲ.

ಆಟ ಮತ್ತೆ ಬೆಣ್ಣೆ. ವೆಲ್ಡರ್ ಅಣ್ಣ ಎಡಕ್ಕೆ ಹಾರಿದರು, ಬಲಕ್ಕೆ ಹಾರಿದರು, ಎಲ್ಲವನ್ನೂ ಹಿಡಿದರು. "ಈಗ ಕೇಳ್ತಾನೆ ಅಣ್ಣಾ, ನನ್ನ ಮಾತು ಕೇಳ್ತಾನೆ!" ಎಂದು ಕೂಗಿದರು. ಪೆನಾಲ್ಟಿ ಬಂತು. ಭಾವ ಚೆಂಡಿಟ್ಟರು. ನಾನು ಜನ್ಮದಲ್ಲಿ ಮೊದಲ ಸಲ ಯಾರ ದನಿಯನ್ನೂ ಕದಿಯದೆ ಕಾಮೆಂಟರಿ ಹೇಳುತ್ತಿದ್ದೆ.

ಭಾವ ಒದ್ದರು. ಅದೇ ಹೊತ್ತಿಗೆ ಕೆಳಗೆ ಬೇಕರಿಯ ಮಿಕ್ಸಿ ಗುರ್ರ್ ಎಂದಿತು. ಬೀದಿಯುದ್ದಕ್ಕೂ "ಹೋ, ಬಂತು!" ಎಂದು ಜನ ಕೂಗಿದರು.

ನಾವು ಕಾದೆವು. ಮನೆಮನೆಯ ರೂಟರುಗಳು ಒಂದೊಂದಾಗಿ ಎದ್ದು ಕೂತವು. ಚೆಂಡು ಗಾಳಿಯಲ್ಲಿ ನಿಂತಿತು, ಹುಲ್ಲು ಹಸಿರು ಚೌಕಗಳಾಯಿತು, ಗೋಲ್‌ಕೀಪರನ ಮುಖ ಕರಗಿತು. ಭಾವ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕೇಳಿದರು, "ಏನಾಯ್ತು, ಗೋಲಾ?"

"ಹೇಳಕ್ಕಾಗಲ್ಲ ಭಾವ," ಎಂದೆ.

ಭಾವ ಕಂಟ್ರೋಲರ್ ಕೆಳಗಿಟ್ಟು, ಎದ್ದು, ಬ್ಯಾಗಿನ ಜಿಪ್ಪನ್ನು ಒಮ್ಮೆ ಎಳೆದು ನೋಡಿದರು. ಸರಾಗವಾಗಿ ಓಡಿತು.