ಅಮೆರಿಕದ ಕೌದಿಗೆ ಜೋಳದ ಬುತ್ತಿ

ಸೂಜಿಯ ಕಣ್ಣು ಸಣ್ಣದೋ, ನನ್ನ ದೃಷ್ಟಿ ಸಣ್ಣದೋ ಎಂಬ ಗಹನವಾದ ಜಿಜ್ಞಾಸೆಯಲ್ಲಿ ನಾನೀಗ ಮುಳುಗಿದ್ದೇನೆ. ದಾರದ ತುದಿಗೆ ಎಷ್ಟು ಎಂಜಲು ಹಚ್ಚಿ ಚೂಪು ಮಾಡಿದರೂ ಅದು ಸೂಜಿಗೆ ಪ್ರದಕ್ಷಿಣೆ ಹಾಕುತ್ತದೆಯೇ ಹೊರತು ಗರ್ಭಗುಡಿಯನ್ನು ಪ್ರವೇಶಿಸುವುದಿಲ್ಲ. ಗೋಕಾಕದ ಕಾಲೇಜಿನಲ್ಲಿ ಇತಿಹಾಸ ಬೋಧಿಸಿ ನಿವೃತ್ತನಾದವನ ಕೈಗೆ ಸೂಜಿ ಹೇಗೆ ಬಂತು ಎಂದಿರಾ? ಕಾರಣ ಅಮೆರಿಕದ ಒಬ್ಬ ಹೆಂಗಸು, ಅವಳು ತೀರಿಕೊಂಡು ಬಹುಕಾಲವಾಯಿತು.

ಮೇರಿ ಎಂಬ ಆಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಪಾದ್ರಿ ಗಂಡನೊಡನೆ ಹುಕ್ಕೇರಿಯ ಕಡೆ ಕೆಲಕಾಲವಿದ್ದು ಸ್ವದೇಶಕ್ಕೆ ಮರಳಿದಳಂತೆ. ಅವಳ ಮರಿಮೊಮ್ಮಗಳು ಲೂಸಿ ವಂಶವೃಕ್ಷದ ಕೊಂಬೆ ಹಿಡಿದು ಜೋತಾಡುತ್ತ, ಹುಕ್ಕೇರಿಯ ಗುಮ್ಮಟಗಳ ಬಗ್ಗೆ ನಾನೆಂದೋ ಬರೆದ ಲೇಖನವನ್ನು ಇಂಟರ್ನೆಟ್ಟಿನಲ್ಲಿ ಕಂಡು, ಮುತ್ತಜ್ಜಿಯ ಸುಳಿವು ಸಿಕ್ಕೀತೇ ಎಂದು ಕೇಳಿದಳು. ನನಗಿನ್ನೇನು ಬೇಕು! ಸಂಶೋಧಕನ ಗತ್ತಿನಲ್ಲಿ ಟೋಪಿ ಏರಿಸಿ, ಆ ಗುಮ್ಮಟಗಳ ಸುತ್ತ ಬಿಸಿಲಲ್ಲಿ ಅಲೆದು, ಅಲ್ಲಿನ ಪಾರಿವಾಳಗಳನ್ನೆಲ್ಲ ಸಂದರ್ಶಿಸಿ ಬರಿಗೈಯಲ್ಲಿ ಬಂದೆ.

ಸುದ್ದಿ ಮೂಡಲಗಿಯ ನಮ್ಮ ಶಿವಕ್ಕತ್ತೆಗೆ ಮುಟ್ಟಿತು. ತನ್ನ ಅಜ್ಜಿಯ ತಾಯಿ ಗೌರವ್ವ ಒಬ್ಬ ಬಿಳಿ ದೊರೆಸಾನಿಯೊಂದಿಗೆ ಕೂತು ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದಳೆಂದು ಅತ್ತೆ ಬಾಲ್ಯದಿಂದಲೂ ಹೇಳುತ್ತ ಬಂದವಳು. ಆಧಾರವೆಲ್ಲಿ ಎಂದು ಇಡೀ ಬಳಗ ಆಕೆಯನ್ನು ಕಾಡುತ್ತ ಬಂದಿದೆ. ಮದುವೆಮನೆಯಲ್ಲಿ ಆಕೆ ಕಾಲಿಟ್ಟರೆ ಸಾಕು, ಅಮೆರಿಕದ ಬೀಗರು ಬಂದರೆಂದು ನಗೆ ಏಳುತ್ತದೆ.

"ಸಾಯೂದ್ರೊಳಗ ಒಮ್ಮೆರ ನನ್ನ ಮಾತು ಖರೆ ಅನ್ನಸ್ಕೋಬೇಕೋ ತಮ್ಮಾ," ಎಂದಳು ಅತ್ತೆ.

ಆಕೆಯ ಕಟ್ಟೆಯ ಮೇಲೆ ಕೂತು ಲೂಸಿಗೆ ವಿಡಿಯೋ ಕರೆ ಮಾಡಿದೆ. ಮೇರಿ ಊರಿಗೆ ಮರಳಿದ ಮೇಲೆ ಹೊಲಿದ ಹೊದಿಕೆಯನ್ನು ಅವಳು ಹರಡಿ ತೋರಿಸಿದಳು. ಬರೀ ನಕ್ಷತ್ರಗಳು, ಗೆರೆ ಹೊಡೆದಂಥ ಅಂಚುಗಳು; ನಮ್ಮ ಕೌದಿಯ ಗಂಧಗಾಳಿಯೂ ಇಲ್ಲ. ನಾನು ತೀರ್ಪು ಕೊಡಲು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಅತ್ತೆ ಫೋನಿಗೆ ಮೂಗು ತಾಗಿಸಿ, "ಮೂಲಿ ಒತ್ತಿ ನೋಡಾಕ ಹೇಳೋ ಆಕಿಗೆ," ಎಂದಳು.

ಕೌದಿ ಹಸಿದಿರಬಾರದೆಂದು ಅದನ್ನು ಮುಗಿಸುವಾಗ ಒಂದು ಮೂಲೆಯಲ್ಲಿ ಒಂದಿಷ್ಟು ಜೋಳ ಇಟ್ಟು ಹೊಲಿದುಬಿಡುವುದು ನಮ್ಮ ಮನೆತನದ ಹೆಂಗಸರ ರೂಢಿ. ಕೌದಿಯ ಬುತ್ತಿ ಎನ್ನುತ್ತಾರೆ ಅದಕ್ಕೆ. ಲೂಸಿ ಒಂದೊಂದೇ ಮೂಲೆ ಒತ್ತುತ್ತ ಹೋದವಳು ಥಟ್ಟನೆ ಕಣ್ಣರಳಿಸಿದಳು. ಒಳಗೆ ಕಾಳಿನಂಥದೇನೋ ಸರಿದಾಡುತ್ತಿದೆ, ಕತ್ತರಿಸಿ ನೋಡಲೇ ಎಂದಳು. ನಾನು ಅದನ್ನು ಕನ್ನಡಿಸಿದ್ದೇ ತಡ, ಅತ್ತೆ ಕೂಗಿದಳು:

"ಬ್ಯಾಡ ಅನ್ನೋ! ಬುತ್ತಿ ಬಿಚ್ಚಿದ್ರ ಕೌದಿ ಉಪಾಸ ಬೀಳತೈತಿ. ನಮ್ಮ ಗೌರವ್ವ ಕಲಿಸಿದ್ದು ಐತಿ ಅದು!"

ಆಮೇಲಿನದನ್ನು ಏನು ಹೇಳಲಿ! ಲೂಸಿ ಅಳುತ್ತ ನಕ್ಕಳು, ಅತ್ತೆ ನಗುತ್ತ ಅತ್ತಳು, ನಾನು ಮಂಡಿನೋವು ಮರೆತು ಕಟ್ಟೆಯ ಮೇಲೆ ಕುಣಿದೆ. ಸಂತೋಷಕ್ಕೆ ಹುಚ್ಚೇ ಹಿಡಿದಿತ್ತು. ಅತ್ತೆ ಸಂಜೆಯೊಳಗೆ ಬಳಗದವರಿಗೆಲ್ಲ ಫೋನು ಮಾಡಿಸಿ, ಒಬ್ಬೊಬ್ಬರ ಬಾಯಿಂದಲೂ ಖರೆ ಎನ್ನಿಸಿಕೊಂಡಳು.

ಈಗ ಆಕೆ ಲೂಸಿಗೊಂದು ಕೌದಿ ಹೊಲಿಯುತ್ತಿದ್ದಾಳೆ, ಸೂಜಿ ಪೋಣಿಸುವ ಹುದ್ದೆ ನನ್ನದು.

"ಗೌರವ್ವಗ ಕಣ್ಣು ಮಂಜಾಗಿದ್ವು. ಮೇರಿಬಾಯಿನೇ ಆಕಿಗೆ ಪೋಣಿಸಿ ಕೊಡತಿದ್ಲು, ನಿನಗೇನಾಗೇತಿ?" ಎನ್ನುತ್ತಾಳೆ.

ಇದಕ್ಕೆ ಆಧಾರವೆಲ್ಲಿ ಎಂದು ನಾನು ಕೇಳುವುದಿಲ್ಲ. ದಾರಕ್ಕೆ ಎಂಜಲು ಹಚ್ಚಿ, ಒಂದು ಕಣ್ಣು ಮುಚ್ಚಿ, ಮತ್ತೆ ಸೂಜಿ ಎತ್ತಿ ಹಿಡಿಯುತ್ತೇನೆ.