ಅರ್ಧ ಅಳತೆಯ ಮದ್ದು

ಲಕಮನಹಳ್ಳಿಯಲ್ಲಿ ಆಗ ಗುರುಶಿದ್ದಪ್ಪ ಎಂಬ ಹೆಸರಿನವರು ಮೂವರಿದ್ದರು. ಒಬ್ಬ ಗಾಣದವನು, ಒಬ್ಬ ಭಜನೆಯವನು, ಇನ್ನೊಬ್ಬ ಬಂದೂಕಿನವನು. ಈ ಕತೆ ಬಂದೂಕಿನವನದು. ನಾಲ್ಕು ಎಕರೆ ಮಸಾರಿ ಹೊಲ, ಒಂದು ಜೋಡಿ ಎತ್ತು, ಎರಡು ಖೋಲಿಯ ಮನೆ. ಧಾರವಾಡದ ಪೇಟೆಗೆ ಹೋದರೆ ಹೆಸರು ಹಿಡಿದು ಕರೆದು ಕೂರಿಸುವ ಒಬ್ಬ ಅಂಗಡಿಕಾರನೂ ಅವನಿಗಿರಲಿಲ್ಲ. ಬಂದೂಕೊಂದನ್ನು ಕಸಿದುಕೊಂಡರೆ ಆ ಮನುಷ್ಯನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಉಳಿಯುತ್ತಿರಲಿಲ್ಲ. ಇದು ಬೇರೆಯವರಿಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು, ಪಾಪ.

ಬಂದೂಕು ಅಜ್ಜನ ಕಾಲದ್ದು. ಈಗಿನವರ ಹಾಗೆ ತೋಟಾ ತುರುಕಿ ಟಪ್ಪೆನಿಸುವಂಥದ್ದಲ್ಲ, ಬಾಯಿಂದ ತುಂಬಬೇಕು. ಮೊದಲು ಹಿತ್ತಾಳೆಯ ಪುಟ್ಟ ಅಳತೆಯಲ್ಲಿ ಅಳೆದು ಮದ್ದು, ಆಮೇಲೆ ಎಣ್ಣೆ ಸವರಿದ ಅರಿವೆಯ ಚೂರಿನಲ್ಲಿ ಸುತ್ತಿದ ಸೀಸದ ಗುಂಡು. ಅದನ್ನು ಗಜ ಎಂಬ ಉದ್ದನೆಯ ಕೋಲಿನಿಂದ ತಳದ ತನಕ ಒತ್ತಬೇಕು, ಕಡೆಗೆ ಹಿಂದೆ ಮದ್ದಿಗೆ ಕಿಡಿ ಕೊಡುವ ಕೇಪು ಕೂರಿಸಬೇಕು. ನಳಿಗೆಯೊಳಗೆ ಸುರುಳಿಯಾಗಿ ಗೆರೆ ಕೊರೆದಿದ್ದರಿಂದ ಗುಂಡು ತಿರುಗುತ್ತ ನೆಟ್ಟಗೆ ಹೋಗುತ್ತಿತ್ತು. ಗಜದ ಮೇಲೆ ಅಜ್ಜ ಅರದಿಂದ ಒಂದು ಗೀರು ಹಾಕಿಟ್ಟಿದ್ದ. ಅಳತೆಗೆ ಸರಿಯಾಗಿ ಮದ್ದು ಬಿದ್ದಿದ್ದರೆ ಆ ಗೀರು ನಳಿಗೆಯ ಬಾಯಿಗೆ ಸಮನಾಗಿ ನಿಲ್ಲುತ್ತಿತ್ತು. ಹೊಲಕ್ಕೆ ಬರುವ ಹಂದಿ ಓಡಿಸಲು ಎಂದು ಕಚೇರಿಯಿಂದ ಪರವಾನಗಿ ಕೊಟ್ಟಿದ್ದರು. ಆದರೆ ಗುರುಶಿದ್ದಪ್ಪ ಅದನ್ನು ಎಣ್ಣೆ ಹಚ್ಚಿ ಒರೆಸಿಡುತ್ತಿದ್ದದ್ದು ಹಂದಿಗಾಗಿ ಅಲ್ಲ, ಬನ್ನಿಯ ಮರುದಿನಕ್ಕಾಗಿ.

ಮಹಾನವಮಿಯಂದು ಆಯುಧಗಳಿಗೆ ಮಾಡುವ ಖಂಡೆ ಪೂಜೆಯಲ್ಲಿ ಕುಂಕುಮ ಹಚ್ಚಿಸಿಕೊಂಡ ಬಂದೂಕು ಬನ್ನಿಯ ಮರುದಿನ ಬಾಯಿ ತೆರೆಯಬೇಕೆಂದು ಆ ಸೀಮೆಯಲ್ಲೊಂದು ಪದ್ಧತಿ. ಸುತ್ತಲಿನ ಏಳೆಂಟು ಊರಿನ ಪರವಾನಗಿದಾರರು ಬಂದೂಕು ಹೆಗಲಿಗೇರಿಸಿಕೊಂಡು ಊರ ಹಿಂದಿನ ಹಾಳು ಕಲ್ಲುಖಣಿಗೆ ಬರುತ್ತಿದ್ದರು. ನೂರು ಹೆಜ್ಜೆ ದೂರದಲ್ಲಿ ಗೂಟಕ್ಕೆ ಸುಣ್ಣ ಬಳಿದ ಒಣ ಸೋರೆಬುರುಡೆ. ಅದರ ನಡುವೆ ರೂಪಾಯಿಯಗಲದ ಕುಂಕುಮದ ಬೊಟ್ಟು. ಮನೆಗೊಂದು ಬಂದೂಕು, ಬಂದೂಕಿಗೆ ಮೂರು ಗುಂಡು. ಪರವಾನಗಿ ಯಾರ ಹೆಸರಿಗಿದೆಯೋ ಅವನೇ ಎಲ್ಲರೆದುರು ಮದ್ದು ತುಂಬಬೇಕು. ಗೆದ್ದ ಮನೆಯ ಯಜಮಾನನಿಗೆ ಕುಲಕರ್ಣಿ ತ್ರ್ಯಂಬಕರಾಯರು ತಮ್ಮ ಕೈಯಾರೆ ಕೆಂಪಂಚಿನ ರುಮಾಲು ಕಟ್ಟುತ್ತಿದ್ದರು. ಗುರುಶಿದ್ದಪ್ಪನ ತಲೆಗೆ ಐದು ವರ್ಷ ಒಂದೇ ಸಮನೆ ಆ ರುಮಾಲು ಏರಿತ್ತು. ಧಾರವಾಡದ ಸಂತೆಗೆ ಹೋಗುವಾಗ ಐದರಲ್ಲಿ ಯಾವುದನ್ನು ಸುತ್ತಿಕೊಳ್ಳಲಿ ಎಂದು ಅವನು ಗಂಟೆಗಟ್ಟಲೆ ಯೋಚಿಸುತ್ತಿದ್ದನೆಂದರೆ ಸುಳ್ಳಲ್ಲ.

ಗುಂಡು ಎರೆಯುತ್ತಿದ್ದವಳು ಹೆಂಡತಿ ರೇಣವ್ವ. ರೊಟ್ಟಿ ಮುಗಿದ ಒಲೆಯ ಮೇಲೆ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಒಂದೊಂದನ್ನೂ ಅಂಗೈಯಲ್ಲಿ ಉರುಳಿಸಿ ನೋಡಿ, ಸುಕ್ಕು ಬಿದ್ದದ್ದನ್ನು ಮತ್ತೆ ಕರಗಿಸುತ್ತಿದ್ದಳು. ಅರಿವೆಯ ಚೂರನ್ನೂ ಅವಳೇ ಕತ್ತರಿಸುತ್ತಿದ್ದಳು. ಗುರುಶಿದ್ದಪ್ಪನಿಗೆ ಅದೆಲ್ಲ ಹಪ್ಪಳ ಒತ್ತುವಂಥ ಹೆಂಗಸರ ಕೆಲಸ. ಅವನ ಪ್ರಕಾರ ಗುಂಡು ಹೊಡೆಯುವುದು ಬೇರೆ ಮಾತು.

ಮೂವತ್ತೇಳನೆಯ ಇಸವಿ ಶ್ರಾವಣದಲ್ಲಿ ಎತ್ತು ಬೆದರಿ ಚಕ್ಕಡಿ ಮಗುಚಿತು. ಗುರುಶಿದ್ದಪ್ಪನ ಬಲಭುಜದ ಎಲುಬು ಮುರಿಯಿತು. ನಾಟಿ ವೈದ್ಯ ಕಟ್ಟು ಕಟ್ಟಿ, ದೀಪಾವಳಿಯ ತನಕ ಕೈ ಎತ್ತಬೇಡ ಎಂದ. ಹೊಲದಲ್ಲಿ ಶೇಂಗಾ ಕಾಯಿ ಕಟ್ಟುತ್ತಿತ್ತು. ದಿನಾ ನಸುಕಿಗೆ ಹಂದಿಗಳು ಬಂದು ಸಾಲಿಗೆ ಸಾಲೇ ಉತ್ತು ಹೋಗತೊಡಗಿದವು. ಬೇರೆ ದಾರಿ ಕಾಣದೆ ಅವನು ಹೆಂಡತಿಗೆ ಬಂದೂಕು ಹಿಡಿಯುವುದನ್ನು ಹೇಳಿಕೊಟ್ಟ. ಹೇಳಿಕೊಟ್ಟನೆಂದರೆ ಏನು, ಅಂಗಳದಲ್ಲಿ ಕೂತು ಬೈದ.

“ಬರೇ ಮದ್ದು ಹಾಕಿ ಸಪ್ಪಳಾ ಮಾಡು, ಸಾಕು,” ಎಂದ.

“ಬರೇ ಸಪ್ಪಳಕ್ಕ ಅವು ಎಷ್ಟ ದಿನಾ ಅಂಜ್ಯಾವ್ರಿ? ಎರಡ ಗುಂಡ ಕೊಡ್ರಿ,” ಎಂದಳು ರೇಣವ್ವ.

“ಗುಂಡ ಕೊಟ್ರ ಹಂದಿ ಬಿಟ್ಟು ನಮ್ಮ ಎತ್ತಿಗೇ ಹೊಡೀತಿ ನೀ.”

ಆದರೂ ಎರಡು ಗುಂಡು ಕೊಟ್ಟ. ಮೂರನೆಯ ನಸುಕಿನಲ್ಲಿ ಅವಳು ಎಂಬತ್ತು ಹೆಜ್ಜೆ ದೂರದಿಂದ ಒಂದು ಗಂಡುಹಂದಿಯನ್ನು ಕೆಡವಿದಳು. ಇನ್ನೊಂದು ಗುಂಡನ್ನು ಸೆರಗಿನ ಗಂಟಿನಿಂದ ಬಿಚ್ಚಿ ತಂದು ಗಂಡನ ಕೈಯಲ್ಲೇ ಇಟ್ಟಳು.

ಊರು ಅಂದಮೇಲೆ ಕೇಳಬೇಕೆ? ಹೊತ್ತು ಏರುವುದರೊಳಗೆ ಅರ್ಧ ಊರು ಹೊಲದಲ್ಲಿತ್ತು. “ಹ್ಯಾಂಗೋ ಗಾಳಿಗಿ ತಾಗೇತಿ ಬಿಡ್ರಿ,” ಎಂದು ಗುರುಶಿದ್ದಪ್ಪ ನಕ್ಕ. ನಗು ಮೀಸೆಯಿಂದ ಮೇಲಕ್ಕೆ ಏರಲಿಲ್ಲ. ಆ ದಿನ ಮಧ್ಯಾಹ್ನ ಹೊಲದ ಬದುವಿನಲ್ಲಿ ಒಂದು ಸೋರೆಬುರುಡೆ ಕಟ್ಟಿಸಿ, “ಹೊಡೀ ನೋಡೂಣು,” ಎಂದ. ಹೊಡೆದಳು. ಇನ್ನೂ ಹತ್ತು ಹೆಜ್ಜೆ ಹಿಂದೆ ಸರಿಸಿದ. ಆಗಲೂ ಹೊಡೆದಳು. ಮೂರನೆಯ ಬುರುಡೆ ಕಟ್ಟಿಸಲಿಲ್ಲ. ಬಿಸಿಲಾಯಿತು ಎಂದು ಮನೆಗೆ ಬಂದುಬಿಟ್ಟ.

ಅಂದಿನಿಂದ ಶುರುವಾಯಿತು ನೋಡಿ ಹೊಟ್ಟೆಯುರಿ. ಪರರ ಮೇಲಿನ ಹೊಟ್ಟೆಕಿಚ್ಚಾದರೆ ಮನೆಗೆ ಬಂದು ಬಾಗಿಲು ಹಾಕಿಕೊಳ್ಳಬಹುದು. ಇದು ಮನೆಯೊಳಗೇ ಎದುರು ಕೂತು ರೊಟ್ಟಿ ಬಡಿಯುತ್ತಿತ್ತು. ರೊಟ್ಟಿ ದಪ್ಪವಾಯಿತೆಂದ, ಪಲ್ಯಕ್ಕೆ ಉಪ್ಪಿಲ್ಲವೆಂದ, ನಡೆಯುವಾಗ ಕಾಲ್ಬಳೆ ಸಪ್ಪಳ ಮಾಡಬೇಡ ಎಂದ. ಕಟ್ಟೆಯ ಮೇಲೆ ಯಾರಾದರೂ “ರೇಣವ್ವ” ಎಂದರೆ ಎದ್ದು ಎಲೆಅಡಿಕೆ ಉಗುಳುವ ನೆಪದಲ್ಲಿ ಆಚೆ ಹೋಗುತ್ತಿದ್ದ. ಇಪ್ಪತ್ತು ವರ್ಷ ಬೆವರು ಸುರಿಸಿ ಕಲಿತ ವಿದ್ಯೆ ಅವಳಿಗೆ ಎರಡು ಗುಂಡಿನಲ್ಲಿ ಬಂದುಬಿಡಬೇಕೆ? ಇದೆಂಥ ನ್ಯಾಯ?

ಬಂದೂಕು ಕಸಿದುಕೊಳ್ಳುವಂತಿರಲಿಲ್ಲ, ಶೇಂಗಾ ಹೋಗುತ್ತಿತ್ತು. ಅದಕ್ಕೆ ಬೇರೆ ಉಪಾಯ ಮಾಡಿದ. ಮದ್ದು ತುಂಬಿಡುವ ಕೊಂಬನ್ನು ತನ್ನ ತಲೆದೆಸೆಗೆ ಇಟ್ಟುಕೊಂಡು, ದಿನಾ ಅವಳಿಗೆ ಅರ್ಧ ಅಳತೆ ಮಾತ್ರ ಸುರಿದು ಕೊಡತೊಡಗಿದ. “ಮದ್ದು ತುಟ್ಟಿ ಆಗೇತಿ, ಇಷ್ಟರಾಗ ನಡಸು,” ಎಂದ. ಮದ್ದೇನೂ ತುಟ್ಟಿಯಾಗಿರಲಿಲ್ಲ. ಅರ್ಧ ಮದ್ದಿಗೆ ಗುಂಡು ದೂರ ಹೋಗುತ್ತ ಕೆಳಗೆ ಜಗ್ಗುತ್ತದೆ, ಗುರಿ ತಪ್ಪುತ್ತದೆ, ಊರವರ ಬಾಯಿ ಮುಚ್ಚುತ್ತದೆ ಎಂಬುದು ಅವನ ಲೆಕ್ಕ. ರೇಣವ್ವ ಅವನು ಕೊಟ್ಟಷ್ಟನ್ನು ಕಟ್ಟಿಕೊಂಡು ಹೋಗುತ್ತಿದ್ದಳು. ಮೊದಲ ವಾರ ಗುಂಡು ತಪ್ಪಿತೆಂಬ ಸುದ್ದಿ ಬಂದಾಗ ಗುರುಶಿದ್ದಪ್ಪ ಎರಡು ರೊಟ್ಟಿ ಹೆಚ್ಚಿಗೆ ಉಂಡ. ಆಮೇಲೆ ಅಂಥ ಸುದ್ದಿ ಬರಲಿಲ್ಲ.

ಮಹಾನವಮಿ ಸಮೀಪಿಸಿದಾಗ ಹುಬ್ಬಳ್ಳಿಯಿಂದ ಅಬ್ದುಲಮಜೀದ ಬಂದ. ಸುತ್ತಿನ ಊರುಗಳ ಬಂದೂಕು ರಿಪೇರಿಯೆಲ್ಲ ಅವನದೇ. ಕೇಪು ಕೂರುವ ಮೊಳೆ ಬದಲಿಸಿ, ಹೊಲಕ್ಕೆ ಹೋಗಿ ರೇಣವ್ವನಿಂದಲೇ ಎರಡು ಗುಂಡು ಹೊಡೆಸಿ ನೋಡಿ, ಅಂಗಳಕ್ಕೆ ಬಂದು ಕೂತ.

“ಇಷ್ಟ ವರ್ಷಾತು ಬಂದೂಕ ರಿಪೇರಿ ಮಾಡಾಕತ್ತೇನಿ ಗುರುಶಿದ್ದಪ್ಪಾ. ಇಂಥಾ ಸ್ಥಿರ ಕೈ ಹುಬ್ಬಳ್ಳ್ಯಾಗೂ ನೋಡಿಲ್ಲ, ಖರೇ ಹೇಳ್ತೇನಿ.”

ಗುರುಶಿದ್ದಪ್ಪ ಮೀಸೆ ಮೇಲೆ ಕೈಯಾಡಿಸಿದ. “ಅದೇನ ದೊಡ್ಡ ಮಾತು ಬಿಡೋ. ಐದ ರುಮಾಲ ಸುಮ್ಮನ ಬಂದಾವೇನು?”

“ನಿನ್ನ ಮಾತಲ್ಲೋ ಮಾರಾಯಾ, ಅಕ್ಕಾರ ಮಾತು!” ಎಂದು ಅಬ್ದುಲಮಜೀದ ಹೊಟ್ಟೆ ಹಿಡಿದು ನಕ್ಕ.

ಒಳಗಿನಿಂದ ರೇಣವ್ವನೂ ನಕ್ಕದ್ದು ಕೇಳಿಸಿತು. ಅವಳು ನಕ್ಕದ್ದು ಅಬ್ದುಲಮಜೀದ ನಗುವ ರೀತಿಗೋ ಏನೋ. ಗುರುಶಿದ್ದಪ್ಪನಿಗೆ ಮಾತ್ರ ಮೈಯೆಲ್ಲ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು. ಮುರಿದ ಭುಜದ ನೋವು ಇದರೆದುರು ಏನೂ ಅಲ್ಲ ಎನಿಸಿತು. ಕೈ ಬಿದ್ದುಹೋದರೂ ಸರಿ, ಈ ಸಲದ ಬನ್ನಿಗೆ ತಾನೇ ಹೊಡೆಯುವೆನೆಂದು ನಿಶ್ಚಯಿಸಿದ.

ಬನ್ನಿಯ ಮರುದಿನ ಕಲ್ಲುಖಣಿಯಲ್ಲಿ ಜನ ಕಿಕ್ಕಿರಿದಿತ್ತು. ಹೆಂಗಸರು ಮೇಲಿನ ದಿಬ್ಬದ ಮೇಲೆ ಕೂತಿದ್ದರು. ಅಮ್ಮಿನಬಾವಿಯವನೊಬ್ಬ ಆಗಲೇ ಬುರುಡೆಯ ಅಂಚಿಗೆ ಒಂದು ಗುಂಡು ತಾಗಿಸಿ ಎದೆಯುಬ್ಬಿಸಿಕೊಂಡು ನಿಂತಿದ್ದ. ಉಳಿದವರದೆಲ್ಲ ಬರಿಯ ಸದ್ದು. ಗುರುಶಿದ್ದಪ್ಪನ ಸರದಿ ಬಂತು. ಹಿಡಿಯನ್ನು ಭುಜಕ್ಕೊತ್ತಿದೊಡನೆ ಕಣ್ಣಲ್ಲಿ ನೀರು ಬಂತು. ಬಂದೂಕಿನ ಕುದುರೆ ಎಳೆಯುವ ಮೊದಲೇ ಭುಜ ಹಿಂದೆ ಸರಿಯಿತು. ಒಂದು ಗುಂಡು ಆಕಾಶಕ್ಕೆ ಹೋಯಿತು. ಎರಡನೆಯದು ಗೂಟಕ್ಕಿಂತ ಮಾರು ಈಚೆ ಮಣ್ಣು ಎಬ್ಬಿಸಿತು.

“ರೇಣವ್ವನ್ನ ಕರೀರಿ!” ಎಂದು ಯಾರೋ ಕೂಗಿದರು. ಆಮೇಲೆ ಹತ್ತು ಮಂದಿ, ಆಮೇಲೆ ಊರೇ ಕೂಗಿತು. ಅಮ್ಮಿನಬಾವಿಗೆ ರುಮಾಲು ಹೋಗುವುದೆಂದರೆ ಲಕಮನಹಳ್ಳಿಗೆ ಮೂಗು ಹೋದ ಹಾಗೆ. ತ್ರ್ಯಂಬಕರಾಯರು ಕನ್ನಡಕ ಒರೆಸಿಕೊಂಡು, “ಮನಿಗೊಂದು ಬಂದೂಕು, ಮೂರು ಗುಂಡು. ಮನ್ಯಾಗ ಯಾರ ಹೊಡೀಬೇಕು ಅನ್ನೋದು ಪದ್ಧತಿಯೊಳಗ ಇಲ್ಲ. ಮದ್ದು ಮಾತ್ರ ಪರವಾನಗಿ ಇದ್ದಾವನ ತುಂಬಬೇಕು. ಏನಂತೀ ಗುರುಶಿದ್ದಪ್ಪಾ?” ಎಂದರು.

ಊರೆದುರು ಒಲ್ಲೆ ಎನ್ನುವುದು ಹೇಗೆ? ರೇಣವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದಿಬ್ಬ ಇಳಿದು ಬಂದಳು. ಜನ ದಾರಿ ಬಿಟ್ಟುಕೊಟ್ಟರು. ತನಗೆ ಐದು ವರ್ಷದಲ್ಲಿ ಒಮ್ಮೆಯೂ ಹೀಗೆ ದಾರಿ ಬಿಟ್ಟಿರಲಿಲ್ಲ ಎಂಬುದು ಗುರುಶಿದ್ದಪ್ಪನ ಕಣ್ಣಿಗೆ ಮೊದಲು ಬಿತ್ತು. ಎಡಗೈಯಲ್ಲಿ ಮದ್ದಿನ ಕೊಂಬು ಹಿಡಿದ. ರುಮಾಲು ಹೋದರೆ ಹೋಗಲಿ, ಮುಂದಿನ ವರ್ಷ ಬಂದೀತು. ಇವಳೊಮ್ಮೆ ಇವರೆಲ್ಲರ ಎದುರು ಗೆದ್ದಳೆಂದರೆ ತಾನು ಸಾಯುವ ತನಕ ರೇಣವ್ವನ ಗಂಡ. ಬಂದೂಕಿನ ಗುರುಶಿದ್ದಪ್ಪ ಅಂದಿಗೇ ಸತ್ತ. ಹಿತ್ತಾಳೆಯ ಅಳತೆಯನ್ನು ಅಂಗೈಯಲ್ಲಿ ಮರೆಮಾಡಿ ಅರ್ಧವೇ ತುಂಬಿಸಿ ನಳಿಗೆಗೆ ಸುರಿದ. ಗುಂಡು ಇಟ್ಟ, ಗಜದಿಂದ ಒತ್ತಿದ.

ಗಜದ ಮೇಲಿನ ಗೀರು ನಳಿಗೆಯ ಬಾಯಿಗೆ ಬಂದು ನಿಲ್ಲಲಿಲ್ಲ. ಒಳಗೆ ಇಳಿದು ಕಾಣದಾಯಿತು. ಜನಕ್ಕೆ ಅದು ತಿಳಿಯುವಂಥದ್ದಲ್ಲ. ರೇಣವ್ವ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು. ಅವನು ಕೇಪು ಕೂರಿಸುವ ನೆವದಲ್ಲಿ ತಲೆ ಎತ್ತಲಿಲ್ಲ. ಒಂದು ಮಾತು, “ರಾಯರ, ಗಜ ನೋಡ್ರಿ” ಎಂದಿದ್ದರೆ ಸಾಕಿತ್ತು, ಅವನ ಮಾನ ಆ ಖಣಿಯಲ್ಲೇ ಮಣ್ಣಾಗುತ್ತಿತ್ತು. ಅವಳು ಬಂದೂಕು ಇಸಿದುಕೊಂಡಳು, ಅಷ್ಟೇ.

ನಿಂತಳು. ನಳಿಗೆ ಬುರುಡೆಯ ನೇರಕ್ಕೆ ಬಂತು, ಅಲ್ಲಿ ನಿಲ್ಲದೆ ಮೇಲಕ್ಕೆ ಸರಿಯಿತು. “ಅಯ್ಯ, ಮ್ಯಾಲ ಹಿಡದಾಳ, ಹೋತ ಗುಂಡು!” ಎಂದು ಪಕ್ಕದಲ್ಲಿದ್ದವನು ತಲೆಗೆ ಕೈಹೊತ್ತ. ಮೇಲೆ ಹಿಡಿದದ್ದೇಕೆ ಎಂದು ಅಲ್ಲಿದ್ದವರಲ್ಲಿ ಗುರುಶಿದ್ದಪ್ಪನೊಬ್ಬನಿಗೆ ಅರ್ಥವಾಗಿತ್ತು.

ಸದ್ದಾಯಿತು. ಹೊಗೆ ತಿಳಿಯಾದಾಗ ಕುಂಕುಮದ ಬೊಟ್ಟು ಇದ್ದಲ್ಲಿ ತೂತು ಬಿದ್ದಿತ್ತು.

ಕೂಗೋ ಕೂಗು! ಅಬ್ದುಲಮಜೀದ ಬುರುಡೆಯನ್ನು ಕಿತ್ತು ತಂದು ಎಲ್ಲರಿಗೂ ತೋರಿಸುತ್ತ ಕುಣಿದ. ತ್ರ್ಯಂಬಕರಾಯರು ರುಮಾಲು ಹಿಡಿದು ರೇಣವ್ವನ ಮುಂದೆ ಬಂದು, ಅವಳ ಸೆರಗು ಹೊದ್ದ ತಲೆ ನೋಡಿ, ತಬ್ಬಿಬ್ಬಾಗಿ ನಿಂತರು. “ಹೆಣ್ಣಮಕ್ಕಳ ತಲಿಗಿ ರುಮಾಲ ಕಟ್ಟಿದ್ದ ನಾ ಕಂಡಿಲ್ಲವ್ವಾ. ಮನಿ ಯಜಮಾನನ ತಲೀಗೇ ಅಲ್ಲೇನು ಕಟ್ಟೋದು? ಬಾರೋ ಗುರುಶಿದ್ದಪ್ಪಾ, ತಲಿ ಬಗ್ಗಸು.”

ಗುರುಶಿದ್ದಪ್ಪ ತಲೆ ಬಗ್ಗಿಸಿದ. ರಾಯರು ಸುತ್ತಿಗೊಂದು ಮಾತಾಡುತ್ತ ಬಿಗಿಯಾಗಿ ಕಟ್ಟಿದರು. “ಬಂದೂಕಿನ ಗುರುಶಿದ್ದಪ್ಪಗ ಆರನೇದಪ್ಪೋ!” ಎಂದು ಜನ ಚಪ್ಪಾಳೆ ತಟ್ಟಿದರು. ಅವನು ಬೇಕೆಂದದ್ದೆಲ್ಲ ಸಿಕ್ಕಿತ್ತು: ರುಮಾಲು, ಹೆಸರು, ಚಪ್ಪಾಳೆ. ಆದರೂ ಪಕ್ಕದಲ್ಲಿ ರುಮಾಲಿಲ್ಲದೆ ನಿಂತು ನಳಿಗೆ ಒರೆಸುತ್ತಿದ್ದ ಹೆಂಡತಿಯನ್ನು ಕಂಡು ಅವನಿಗೆ ಹಿಂದೆಂದೂ ಇಲ್ಲದಷ್ಟು ಹೊಟ್ಟೆ ಉರಿಯಿತು. ಅವಳಿಗೆ ಏನೂ ಬೇಕಾಗಿರಲಿಲ್ಲವಲ್ಲ.

ಇಬ್ಬರೂ ಮನೆಯ ದಾರಿ ಹಿಡಿದರು. ಹೊಲದ ಬದು ಬಂದಾಗ ತಡೆಯಲಾಗದೆ ಅವನೇ ಕೇಳಿದ.

“ಎಷ್ಟ ಮ್ಯಾಲ ಹಿಡದಿ?”

“ಒಂದ ಗೇಣು.”

“ಗೇಣಂತ ಹ್ಯಾಂಗ ಗೊತ್ತಾತು?”

“ಎರಡ ತಿಂಗಳಾತು ನೀವು ಕೊಟ್ಟ ಅರ್ಧಾ ಮದ್ದಿನ ಮ್ಯಾಲ ಹೊಲಾ ಕಾಯಾಕತ್ತೇನಿ. ಗುಂಡು ಎಷ್ಟ ಇಳೀತೈತಿ ಅಂತ ಅಷ್ಟೂ ತಿಳೀಲಿಲ್ಲಂದ್ರ ಹ್ಯಾಂಗ್ರಿ?”

ಗುರುಶಿದ್ದಪ್ಪ ರುಮಾಲಿನ ಅಂಚು ಸರಿಪಡಿಸಿಕೊಂಡ. “ಅಲ್ಲೇ ಯಾಕ ಹೇಳಲಿಲ್ಲ, ಎಲ್ಲಾರ ಮುಂದ?”

ರೇಣವ್ವ ನಿಂತಳು. ಬಂದೂಕನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿಕೊಂಡಳು.

“ಮುಂದಿನ ವರ್ಷಾನೂ ರುಮಾಲ ನೀವ ಕಟ್ಟಿಸ್ಕೊಳ್ರಿ, ನಾ ಬ್ಯಾಡ ಅನ್ನಾಂಗಿಲ್ಲ,” ಎಂದಳು. “ಆದ್ರ ಮದ್ದಿನ ಕೊಂಬು ಇಲ್ಲೆ ಕೊಡ್ರಿ.”

ಗುರುಶಿದ್ದಪ್ಪ ಹೆಗಲಿನಿಂದ ಕೊಂಬು ಬಿಚ್ಚಿ ಕೊಟ್ಟ.