ಅರ್ಧ ಗೇಣು ನೀರು

ನಮ್ಮತ್ತೆ ದೋಣಿಯವರು. ಮದುವೆಯಾಗಿ ಬಂದ ದಿನದಿಂದ ಅವರ ಮನೆ ಎಂದರೆ ಸರಕು ದೋಣಿಯ ಹಿಂಭಾಗದ ಒಂದು ಕೋಣೆ. ಅದರಲ್ಲೇ ಒಲೆ, ಅದರಲ್ಲೇ ಮಂಚ, ಅದರಲ್ಲೇ ಮೂರು ಹೆರಿಗೆ. ಕಿಟಕಿಯಾಚೆ ಊರುಗಳು ಬದಲಾಗುತ್ತಿದ್ದವು, ಒಳಗೆ ಪಾತ್ರೆ ಇಟ್ಟ ಜಾಗ ಬದಲಾಗುತ್ತಿರಲಿಲ್ಲ. ಯಾವ ಮೊಳೆಗೆ ಯಾವ ಬಾಣಲೆ ಎಂಬುದು ಅವರ ಸಂಸಾರದ ಕಾನೂನು. ತಪ್ಪು ಮೊಳೆಗೆ ನೇತುಹಾಕಿದವರ ಗತಿ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಸೊಸೆಯಾಗಿ ಬಂದ ಹೊಸತರಲ್ಲಿ ನಾನೇ ನೇತುಹಾಕಿದ್ದೆ. ದಪ್ಪ ಮೈ, ದೊಡ್ಡ ದನಿ, ನಗಲು ಶುರು ಮಾಡಿದರೆ ಆಚೆ ದಡದವರೂ ತಿರುಗಿ ನೋಡಬೇಕು. ಬಿರುಗಾಳಿಗೆ ಹೆದರಿದವರಲ್ಲ, ಬಂದರಿನ ಪೊಲೀಸರಿಗೆ ಹೆದರಿದವರಲ್ಲ. ಅವರು ಹೆದರುತ್ತಿದ್ದುದು ಒಂದೇ ಒಂದಕ್ಕೆ, ಮತ್ತು ನನ್ನ ಗ್ರಹಚಾರಕ್ಕೆ ಅದೇ ನನ್ನ ಉದ್ಯೋಗ.

ನಾನು ದೋಣಿಗಳನ್ನು ಎತ್ತುವವಳು. ಕೆಳಗೆ ನದಿ, ಗುಡ್ಡದ ನೆತ್ತಿಯಲ್ಲಿ ಕಾಲುವೆ. ನಡುವೆ ಐದಾರು ಅಂತಸ್ತಿನ ಮನೆಯಷ್ಟು ಎತ್ತರ. ನದಿಯ ದೋಣಿ ಕಾಲುವೆಗೆ ಹೋಗಬೇಕಾದರೆ ರೆಕ್ಕೆ ಕಟ್ಟಿಕೊಂಡು ಹಾರಬೇಕು, ಇಲ್ಲವೇ ನಮ್ಮ ಲಿಫ್ಟಿಗೆ ಬರಬೇಕು. ನೀರು ತುಂಬಿದ ಎರಡು ದೊಡ್ಡ ಕಬ್ಬಿಣದ ತೊಟ್ಟಿಗಳು ನಮ್ಮಲ್ಲಿವೆ, ಒಂದು ಮೇಲಿದ್ದಾಗ ಇನ್ನೊಂದು ಕೆಳಗೆ. ಒಂದೊಂದರ ಅಡಿಗೂ ಒಂದು ದಪ್ಪ ಕಂಬ. ಕಂಬದ ಬುಡ ನೆಲದೊಳಗೆ ನೀರು ತುಂಬಿದ ಬಾವಿಯಲ್ಲಿದೆ, ಎರಡು ಬಾವಿಗಳ ನಡುವೆ ಒಂದು ಕೊಳವೆ. ಈ ಕಂಬ ಒತ್ತಿದರೆ ಆ ಕಂಬ ಏಳುತ್ತದೆ, ಅಷ್ಟೇ ವಿದ್ಯೆ. ದೋಣಿ ತೇಲುತ್ತಾ ತೊಟ್ಟಿಯೊಳಕ್ಕೆ ಬಂದ ಮೇಲೆ, ಮೇಲಿನ ತೊಟ್ಟಿಗೆ ಕಾಲುವೆಯಿಂದ ಒಂದು ಗೇಣು ನೀರು ಹೆಚ್ಚಿಗೆ ತುಂಬಿಸಿಕೊಂಡು ಗೇಟು ಹಾಕುತ್ತೇವೆ. ಆ ಗೇಣು ನೀರಿನ ಭಾರಕ್ಕೆ ಮೇಲಿನದು ಇಳಿಯುತ್ತದೆ, ಕೆಳಗಿನದು ಏಳುತ್ತದೆ. ಬ್ರೇಕು ಬಿಡುವುದು, ಹಿಡಿಯುವುದು, ಅದು ನನ್ನ ಕೈಯಲ್ಲಿದೆ.

ದೋಣಿಯಲ್ಲಿ ಕಲ್ಲು ಹೇರಿದ್ದರೆ ಏನು ಮಾಡುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಏನೂ ಮಾಡುವುದಿಲ್ಲ. ದೋಣಿ ಒಳಗೆ ಬರುವಾಗಲೇ ತನ್ನ ತೂಕದಷ್ಟು ನೀರನ್ನು ತೊಟ್ಟಿಯಿಂದ ಆಚೆಗೆ ತಳ್ಳಿರುತ್ತದೆ. ಕಲ್ಲಿನ ದೋಣಿಯಿದ್ದರೂ ಹತ್ತಿಯ ದೋಣಿಯಿದ್ದರೂ, ದೋಣಿಯೇ ಇಲ್ಲದೆ ಬರೀ ನೀರಿದ್ದರೂ ತೊಟ್ಟಿಯ ತೂಕ ಒಂದೇ. ಜನ ಇದನ್ನು ಕೇಳಿ ತಲೆಯಾಡಿಸುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ‘ಆದ್ರೂ ಅಷ್ಟು ಭಾರ ತಡೆಯುತ್ತಾ?’ ಎನ್ನುತ್ತಾರೆ. ಅಂಥವರೊಂದಿಗೆ ನಾನೀಗ ಬಾಯಿ ನೋಯಿಸಿಕೊಳ್ಳುವುದಿಲ್ಲ.

ನಮ್ಮತ್ತೆಯೊಂದಿಗೆ ಮಾತ್ರ ನೋಯಿಸಿಕೊಳ್ಳಲೇಬೇಕಾಯಿತು. ಅವರು ಮೇಲೇರುವಾಗ ಲಿಫ್ಟಿನಲ್ಲಿ ಬರುತ್ತಿರಲಿಲ್ಲ. ದೋಣಿ ಕೆಳಗಿನ ದಂಡೆಗೆ ಬಂದ ಕೂಡಲೇ ಇಳಿದು, ಗುಡ್ಡದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತಾ ಹತ್ತಿ, ಮೇಲಿನ ದಂಡೆಯಲ್ಲಿ ಮತ್ತೆ ದೋಣಿ ಹತ್ತುತ್ತಿದ್ದರು. ಮಾವ ಬದುಕಿದ್ದಾಗಲೂ ಹೀಗೇ, ಆಮೇಲೆ ನನ್ನ ಗಂಡ ದೋಣಿ ನಡೆಸಲು ಶುರು ಮಾಡಿದ ಮೇಲೂ ಹೀಗೇ. ತಮಾಷೆಯೆಂದರೆ, ಕೆಳಗಿಳಿಯುವಾಗ ಮಹಾರಾಣಿಯಂತೆ ದೋಣಿಯಲ್ಲೇ ಕೂತಿರುತ್ತಿದ್ದರು. ಕೇಳಿದರೆ, ‘ಇಳಿಯೋದಕ್ಕೆ ಭಾರ ಇದ್ರೆ ಒಳ್ಳೇದೇ ಅಲ್ವಾ?’ ಎಂದು ನನ್ನನ್ನೇ ಪ್ರಶ್ನಿಸುತ್ತಿದ್ದರು.

ಕಾರಣ ದೋಣಿಯವರಿಗೆಲ್ಲ ಗೊತ್ತಿತ್ತು. ಅತ್ತೆ ಮದುಮಗಳಾಗಿ ಮೊದಲ ಸಲ ಈ ಲಿಫ್ಟಿನಲ್ಲಿ ಮೇಲೆ ಬರುತ್ತಿದ್ದಾಗ ಅದು ಅರ್ಧ ದಾರಿಯಲ್ಲಿ ನಿಂತುಬಿಟ್ಟಿತಂತೆ. ಮದುವೆಯ ದೋಣಿ, ಮೈತುಂಬ ಹೂವು, ಹಾಡುತ್ತಿದ್ದ ನೆಂಟರು, ಎಲ್ಲರೂ ನಡು ಆಕಾಶದಲ್ಲಿ. ಏನಾಯಿತೆಂದು ಕೆಳಗಿನಿಂದ ಯಾರೋ ಕೂಗಿ ಕೇಳಿದ್ದಾರೆ. ಲಿಫ್ಟಿನವನು ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಹೊಸ ಹೆಣ್ಣು ಸ್ವಲ್ಪ ಭಾರ ಕಣ್ರಪ್ಪಾ!’ ಎಂದಿದ್ದಾನೆ. ಎರಡು ದಂಡೆಯವರೂ ಹೊಟ್ಟೆ ಹಿಡಿದು ನಕ್ಕಿದ್ದಾರೆ. ಹತ್ತೊಂಬತ್ತರ ಹುಡುಗಿ ಎರಡು ಕೈಯಿಂದ ಮುಖ ಮುಚ್ಚಿಕೊಂಡು ಕೂತಿದ್ದಳು. ಆಮೇಲೆ ಹೇಗೋ ಲಿಫ್ಟು ಮೇಲೆ ಬಂತು, ಆದರೆ ‘ಲಿಫ್ಟ್ ನಿಲ್ಸಿದ ಸೊಸೆ’ ಎಂಬ ಹೆಸರು ನೀರಿಗಿಂತ ವೇಗವಾಗಿ ಕಾಲುವೆಯುದ್ದಕ್ಕೂ ಹರಿಯಿತು.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಹೋದ ವರ್ಷ ಅತ್ತೆಯ ಮಂಡಿಗಳು ಕೈಕೊಟ್ಟವು. ಇನ್ನು ಮೆಟ್ಟಿಲು ಹತ್ತುವ ಮಾತೇ ಬೇಡ ಎಂದರು ವೈದ್ಯರು. ನಮ್ಮ ದೋಣಿಯ ಸರಕೆಲ್ಲ ನದಿಯಿಂದ ಕಾಲುವೆಗೆ, ಕಾಲುವೆಯಿಂದ ನದಿಗೆ. ಮೆಟ್ಟಿಲೂ ಇಲ್ಲ, ಲಿಫ್ಟೂ ಬೇಡ ಎಂದರೆ ಉಳಿದದ್ದು ಒಂದೇ ದಾರಿ. ಅತ್ತೆ ದೋಣಿ ಬಿಟ್ಟು ಕೆಳಗಿನ ದಂಡೆಯಲ್ಲಿರುವ ನನ್ನ ಮನೆಗೆ ಬಂದು ಇರಬೇಕು.

ಬಂದರು. ಬಾಣಲೆಗಳ ಸಮೇತ ಬಂದರು. ಒಂದೇ ವಾರದಲ್ಲಿ ನನ್ನ ಅಡುಗೆಮನೆಯ ಗೋಡೆಗೆ ಎಲ್ಲೆಂದರಲ್ಲಿ ಮೊಳೆ ಬಿದ್ದವು. ನಾನು ಮೊದಮೊದಲು ಉರಿದುಬಿದ್ದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ನೋಡಿದರೆ ಮೊಳೆ ಹೊಡೆದರೇ ಹೊರತು ಬಾಣಲೆ ನೇತುಹಾಕಲೇ ಇಲ್ಲ. ಸುಮ್ಮನೆ ಕಿಟಕಿಯ ಬಳಿ ಕೂತಿರುತ್ತಿದ್ದರು. ದೊಡ್ಡ ದನಿ ಸಣ್ಣದಾಯಿತು. ತಟ್ಟೆಯಲ್ಲಿ ಹಾಕಿದ್ದು ಹಾಕಿದಂತೆಯೇ ಇರುತ್ತಿತ್ತು.

‘ನಿದ್ದೆ ಬರ್ತಿಲ್ವಾ ಅತ್ತೆ?’ ಎಂದೆ ಒಂದು ಬೆಳಿಗ್ಗೆ.

‘ಹೇಗೆ ಬರುತ್ತೆ? ಈ ನೆಲ ಸತ್ತಿರೋ ಹಾಗೆ ಬಿದ್ದಿದೆ, ಒಂಚೂರೂ ಅಲುಗಾಡಲ್ಲ.’ ಕಿಟಕಿಯಾಚೆ ನೋಡುತ್ತಾ, ‘ಮಗ ಈಗ ಸೇತುವೆ ಹತ್ರ ಹೋಗಿರ್ತಾನೆ. ಒಬ್ಬನೇ ಟೀ ಮಾಡ್ಕೋತಾನೆ, ಹಾಲು ಉಕ್ಕಿಸ್ತಾನೆ,’ ಎಂದರು. ಕಣ್ಣು ತುಂಬಿತ್ತು. ಅವರೊಡನೆ ಜಗಳವಾಡಿದ್ದೇನೆ, ಅವರನ್ನು ಅಣಕಿಸಿದ್ದೇನೆ, ಆದರೆ ಆ ಹೆಂಗಸು ಹೀಗೆ ಕುಗ್ಗುವುದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಅವತ್ತೇ ಒಂದು ಬೋಗುಣಿಯಲ್ಲಿ ಅಂಚಿನವರೆಗೆ ನೀರು ತುಂಬಿ ಅವರ ಮುಂದೆ ಇಟ್ಟೆ. ಅದರಲ್ಲಿ ಒಂದು ಬಟ್ಟಲು ತೇಲಿಬಿಟ್ಟೆ, ಬಟ್ಟಲಿಗೆ ಎರಡು ಆಲೂಗಡ್ಡೆ ಹಾಕಿದೆ. ನೀರು ಸುತ್ತಲೂ ಚೆಲ್ಲಿತು. ‘ನೋಡಿ, ಆಲೂಗಡ್ಡೆ ಎಷ್ಟು ಭಾರವೋ ಅಷ್ಟೇ ನೀರು ಆಚೆ ಹೋಯ್ತು. ಬೋಗುಣಿ ತೂಕ ಹೆಚ್ಚೂ ಆಗ್ಲಿಲ್ಲ, ಕಡಿಮೆಯೂ ಆಗ್ಲಿಲ್ಲ. ನೀವು ದೋಣೀಲಿ ಇದ್ರೂ ಒಂದೇ, ಇಲ್ದಿದ್ರೂ ಒಂದೇ.’

‘ಮೊದಲು ನೆಲ ಒರೆಸು,’ ಎಂದರು ಅತ್ತೆ. ನಾನು ಒರೆಸುತ್ತಿದ್ದಾಗ ಮುಂದುವರಿಸಿದರು: ‘ನಿನ್ನ ಆಲೂಗಡ್ಡೆ ನಿನ್ನ ಹತ್ರ ಇಟ್ಕೋ. ಆವತ್ತು ಹೇಳಿದ್ದು ಯಾರು? ದಾರೀಲಿ ಹೋಗೋರಲ್ಲ, ಲಿಫ್ಟಿನವರೇ ಹೇಳಿದ್ದು. ನಿನ್ನಪ್ಪ! ನಿನಗೆ ಕೆಲಸ ಕಲಿಸಿದೋರು! ಅವರಿಗಿಂತ ನಿನಗೆ ಜಾಸ್ತಿ ಗೊತ್ತಾ?’

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಬಾಯಿ ಮುಚ್ಚಿಸಬಹುದು. ಆ ಮೊಲ ಕೊಟ್ಟವನು ನಮ್ಮಪ್ಪನೇ ಆದರೆ ಏನು ಮಾಡುವುದು? ಹೌದು, ಅವತ್ತು ಕಿಟಕಿಯಿಂದ ತಲೆ ಹೊರಗೆ ಹಾಕಿದ್ದು ನಮ್ಮಪ್ಪ. ಮುಂದೆ ಅದೇ ಹೆಣ್ಣಿನ ಮಗ ತನ್ನ ಮಗಳನ್ನು ಮದುವೆಯಾಗುತ್ತಾನೆಂದು ಪಾಪ ಅವರು ಕನಸು ಕಂಡಿರಲಿಲ್ಲ. ಬೀಗರಾದ ಮೇಲೂ ಇಬ್ಬರೂ ಎದುರುಬದುರಾದರೆ ಹವಾಮಾನದ ಮಾತಾಡಿ ಸರಿಯುತ್ತಿದ್ದರು.

ಆದರೆ ನೆಲ ಒರೆಸುತ್ತಾ ಒರೆಸುತ್ತಾ ನನ್ನ ಕೈ ನಿಂತಿತು. ಅತ್ತೆಯ ಕಥೆಯನ್ನು ನಾನು ಯಾವಾಗಲೂ ಸೊಸೆಯಾಗಿ ಕೇಳಿದ್ದೆ, ಲಿಫ್ಟಿನವಳಾಗಿ ಕೇಳಿರಲೇ ಇಲ್ಲ. ದೋಣಿಯ ಭಾರಕ್ಕೆ ತೊಟ್ಟಿ ನಿಲ್ಲುವುದಿಲ್ಲ. ನಿಂತಿತೆಂದರೆ ಒಂದೇ ಅರ್ಥ: ಮೇಲಿನ ತೊಟ್ಟಿಗೆ ಗೇಣು ನೀರು ಪೂರ್ತಿ ಬರುವ ಮೊದಲೇ ಗೇಟು ಹಾಕಿದ್ದಾರೆ. ಕಂಬ ಮೇಲೆದ್ದಷ್ಟೂ ಅದನ್ನು ತಳ್ಳಲು ಹೆಚ್ಚು ಭಾರ ಬೇಕು, ಹಾಗಾಗಿ ಅರ್ಧ ಗೇಣು ನೀರಿಗೆ ಅರ್ಧ ದಾರಿ. ಅಲ್ಲಿಗೆ ತ್ರಾಣ ಮುಗಿದು ಎರಡು ತೊಟ್ಟಿಗಳೂ ಅಕ್ಕಪಕ್ಕ ನಿಂತುಬಿಡುತ್ತವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಹಾಗಾಗಿತ್ತು ಅತ್ತೆಯ ಪಾಡು.

ಅಪ್ಪ ಮೇಲಿನ ದಂಡೆಯಲ್ಲಿ ಒಂದು ಪುಟ್ಟ ಮನೆಯಲ್ಲಿದ್ದಾರೆ. ನಿವೃತ್ತರಾದರೂ ದಿನಾ ಲಿಫ್ಟಿನ ಬಳಿ ಬಂದು, ಬೆನ್ನ ಹಿಂದೆ ಕೈಕಟ್ಟಿ, ನನ್ನ ಕೆಲಸದಲ್ಲಿ ತಪ್ಪು ಹುಡುಕುವುದು ಅವರ ಹೊತ್ತು ಕಳೆಯುವ ಬಗೆ. ‘ನಾನು ಕೂತಿದ್ದಷ್ಟು ಕಾಲ ಒಂದು ತಪ್ಪಾಗಿಲ್ಲ’ ಎಂಬುದು ಅವರ ಮಂತ್ರ. ದಂಡೆಯವರೆಲ್ಲ ಅದಕ್ಕೆ ತಲೆಬಾಗುತ್ತಾರೆ. ಅವರಿಗೆ ಇರುವ ಆಸ್ತಿಯೇ ಆ ಮಾತು.

ಅವತ್ತು ಮಧ್ಯಾಹ್ನ ಅವರು ಹೂಕುಂಡಗಳಿಗೆ ನೀರು ಹಾಕುತ್ತಿದ್ದರು. ಪೀಠಿಕೆ ಹಾಕದೆ ಕೇಳಿಬಿಟ್ಟೆ: ‘ಅಪ್ಪಾ, ಅತ್ತೆ ಮದುವೆ ದಿನ ಗೇಣು ಪೂರ್ತಿ ತಗೊಂಡಿದ್ರಾ?’

‘ಯಾರು ಹಾಗಂದಿದ್ದು?’

‘ಯಾರೂ ಏನೂ ಅಂದಿಲ್ಲ. ನಾನು ಕೇಳ್ತಿದೀನಿ.’

‘ಹಳೇದೆಲ್ಲ ಯಾಕೀಗ? ನನಗೇನು ಕೆಲಸ ಗೊತ್ತಿರ್ಲಿಲ್ವಾ?’ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವರ ಮುಖ. ಒಂದೇ ಕುಂಡಕ್ಕೆ ನೀರು ಸುರಿಯುತ್ತಲೇ ಇದ್ದರು, ಅದು ತುಂಬಿ ಅವರ ಕಾಲ ಮೇಲೆ ಹರಿಯಿತು.

ನನಗೆ ಸಿಟ್ಟು ಬಂತು. ‘ಸರಿ, ನೀವು ನಿಮ್ಮ ಹೆಸರು ಕಾಪಾಡ್ಕೊಳ್ಳಿ. ಅಲ್ಲಿ ಅವರು ಊಟ ಬಿಟ್ಟಿದಾರೆ. ದೋಣಿ ಇಲ್ದೆ ಅವರು ಬದುಕಲ್ಲ ಅಪ್ಪಾ,’ ಎಂದು ಹೇಳಿ, ಉತ್ತರಕ್ಕೂ ಕಾಯದೆ ಮೆಟ್ಟಿಲಿಳಿದು ಬಂದೆ.

ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಅಪ್ಪ. ಒಗೆದ ಅಂಗಿ, ತಲೆಯ ಮೇಲೆ ಕೆಲಸದ ದಿನಗಳ ಟೋಪಿ. ಕೂರಿ ಎಂದರೆ ಕೂರಲಿಲ್ಲ. ಅತ್ತೆ ಕಿಟಕಿಯ ಬಳಿಯಿಂದ, ‘ಬನ್ನಿ ಬೀಗರೇ, ಮೋಡ ಹಾಕಿದೆ ಅಲ್ವಾ?’ ಎಂದರು.

‘ಮೋಡದ ಮಾತು ಬೇಡ,’ ಎಂದರು ಅಪ್ಪ. ‘ಆವತ್ತು ನಿಮ್ಮಿಂದ ನಿಂತಿದ್ದಲ್ಲ. ನನ್ನಿಂದ ನಿಂತಿದ್ದು. ಮದುವೆ ದೋಣಿ, ಹಾಡು, ಹೂವು ಅಂತ ಬಗ್ಗಿ ನೋಡ್ತಾ ಇದ್ದೆ. ಗೇಣು ಬರೋದಕ್ಕೆ ಮೊದಲೇ ಗೇಟು ಹಾಕ್ಬಿಟ್ಟೆ. ಕೆಲಸಕ್ಕೆ ಸೇರಿ ಸ್ವಲ್ಪ ದಿನ ಆಗಿತ್ತು ಅಷ್ಟೆ. ತಪ್ಪು ಅಂತ ಗೊತ್ತಾದ್ರೆ ಕಳಿಸಿಬಿಡ್ತಾರೆ ಅಂತ ಭಯ ಆಯ್ತು. ಬಾಯಿಗೆ ಬಂದಿದ್ದು ಅಂದುಬಿಟ್ಟೆ.’

ಅತ್ತೆ ಕಿಟಕಿಯ ಕಡೆಗೆ ಮುಖ ತಿರುಗಿಸಿದರು.

‘ನಮ್ಮೋರು ಪ್ರತಿ ಸಲ ಕರೀತಿದ್ರು,’ ಎಂದರು. ‘ಬಾರೇ, ಏನೂ ಆಗಲ್ಲ, ಜೊತೇಲಿ ಹೋಗೋಣ ಅಂತ. ನಾನು ಕಟ್ಟಿಕೊಂಡೋರ ಮಾತು ಬಿಟ್ಟು ನಿಮ್ಮ ಮಾತು ನಂಬಿದೆ. ಅವರು ಸಾಯೋ ತನಕ ಒಬ್ಬರೇ ಮೇಲೆ ಬಂದ್ರು ಬೀಗರೇ.’ ಆಮೇಲೆ ದನಿ ಏರಿತು. ಹಳೆಯ ದನಿ, ಆಚೆ ದಡಕ್ಕೂ ಕೇಳುವ ದನಿ. ಅಪ್ಪನಿಗೆ ಹಿಗ್ಗಾಮುಗ್ಗಾ ಬೈದರು. ಅವರ ನಾಲಿಗೆಗೆ, ಕಣ್ಣಿಗೆ, ಕೈಗೆ, ಟೋಪಿಗೂ ಸೇರಿಸಿ ಬೈದರು. ಅಪ್ಪ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ನನಗೋ ಒಳಗೊಳಗೇ ಸಂತೋಷ. ಅತ್ತೆ ವಾಪಸು ಬಂದಿದ್ದರು.

‘ಮೇಲಿನ ದಂಡೇಲಿ ಎಲ್ಲರ ಎದುರಿಗೂ ಹೇಳ್ತೀನಿ,’ ಎಂದರು ಅಪ್ಪ.

‘ಹೇಳಲೇಬೇಕು. ನಕ್ಕಿದ್ದು ಎಲ್ಲರ ಎದುರಿಗೇ ತಾನೆ?’

ಮೂರನೆಯ ದಿನ ನನ್ನ ಗಂಡ ದೋಣಿ ತಂದ. ಅತ್ತೆ ಬಾಣಲೆಗಳನ್ನೆಲ್ಲ ಎಣ್ಣೆ ಹಚ್ಚಿ ಒರೆಸಿ ಒಳಗೆ ಸಾಗಿಸಿದರು. ಅಪ್ಪನೂ ದೋಣಿ ಹತ್ತಿದರು. ‘ನಿಂತರೆ ನಾನೂ ನಿಮ್ಮ ಜೊತೆ ನೇತಾಡ್ತೀನಿ,’ ಎಂದರು. ನಾನು ಮೇಲಿನ ದಂಡೆಯ ನನ್ನ ಬ್ರೇಕಿನ ಕೊಠಡಿಗೆ ಹತ್ತಿ ಹೋಗಿ ಕಾಲುವೆಯ ನೀರು ಬಿಟ್ಟುಕೊಂಡೆ. ಗೇಣು ಪೂರ್ತಿಯಾಯಿತು. ಇರಲಿ ಎಂದು ಇನ್ನೊಂದು ಬೆರಳು ಹೆಚ್ಚೇ ತೆಗೆದುಕೊಂಡೆ. ನಿಯಮವೇನೋ ಬೇಡ ಎನ್ನುತ್ತದೆ, ಆದರೆ ನಿಯಮ ಬರೆದವರಿಗೆ ಇಂಥ ಅತ್ತೆ ಇರಲಿಕ್ಕಿಲ್ಲ.

ಬ್ರೇಕು ಬಿಟ್ಟೆ. ತೊಟ್ಟಿ ಎದ್ದಿತು. ಅತ್ತೆ ದೋಣಿಯ ಮುಂಭಾಗದಲ್ಲಿ ಸ್ಟೂಲಿನ ಮೇಲೆ ಕೂತು ಅಪ್ಪನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅಪ್ಪ ನೋವಿಗೆ ಮುಖ ಹಿಂಡುತ್ತಿದ್ದುದು ನನಗೆ ಮೇಲಿನಿಂದಲೇ ಕಾಣುತ್ತಿತ್ತು. ಅರ್ಧ ದಾರಿಯಲ್ಲಿ ಇಳಿಯುವ ತೊಟ್ಟಿ ಪಕ್ಕದಲ್ಲೇ ಹಾದುಹೋಯಿತು. ಅದರಲ್ಲಿದ್ದ ಮರಳಿನ ದೋಣಿಯವನು ಅತ್ತೆಯನ್ನು ನೋಡಿ ಬಾಯಿ ಬಿಟ್ಟವನು ಮುಚ್ಚುವುದನ್ನೇ ಮರೆತ. ನಮ್ಮದು ನಿಲ್ಲಲಿಲ್ಲ. ಸ್ವಲ್ಪ ಮೇಲೆ ಬಂದ ಮೇಲೆ ಅತ್ತೆ ಅಪ್ಪನ ಕೈ ಬಿಟ್ಟು ಎದ್ದು ನಿಂತರು. ನದಿ, ಗುಡ್ಡದ ಮೆಟ್ಟಿಲು, ಛಾವಣಿಗಳು ಕೆಳಗೆ ಇಳಿಯುವುದನ್ನು ಒಂದೊಂದಾಗಿ ನೋಡಿದರು. ನನ್ನ ಕೈ ಬ್ರೇಕಿನ ಮೇಲಿತ್ತು, ಕಣ್ಣು ಮಂಜಾಗಿತ್ತು, ಕೆಲಸಕ್ಕೆ ಎರಡೂ ಒಟ್ಟಿಗೆ ಒಳ್ಳೆಯದಲ್ಲ.

ಸುದ್ದಿ ಅಷ್ಟು ಹೊತ್ತಿಗೆ ಹಬ್ಬಿ ಮೇಲಿನ ದಂಡೆಯಲ್ಲಿ ಜನ ಸೇರಿದ್ದರು. ದೋಣಿ ಎಳೆದು ಕಟ್ಟುವ ಹಗ್ಗದವರು, ಹಮಾಲಿಗಳು, ಲಂಗರು ಹಾಕಿ ಕೂತಿದ್ದ ದೋಣಿಗಳವರು, ಅವತ್ತು ಮದುವೆಯ ದೋಣಿಯಲ್ಲೇ ಇದ್ದು ನಕ್ಕಿದ್ದ ಮುದುಕ ಬಡಗಿ. ಗೇಟು ತೆರೆದು ದೋಣಿ ಕಾಲುವೆಗೆ ತೇಲಿ ಬಂದಾಗ ಬಡಗಿಯೇ ಮೊದಲು ಕೂಗಿದ: ‘ಏನಮ್ಮಾ, ಕೊನೆಗೂ ಎತ್ತಿಬಿಡ್ತಾ ನಿನ್ನನ್ನ? ಇಷ್ಟು ವರ್ಷ ಇಲ್ಲದ್ದು ಇವತ್ತು ಹೇಗೆ?’

ಅಪ್ಪ ಮುಂದೆ ಬಂದು ಟೋಪಿ ತೆಗೆದರು. ಗಂಟಲು ಸರಿಮಾಡಿಕೊಂಡರು. ‘ಅದು... ಏನಂದ್ರೆ... ಆವತ್ತು ನಾನು...’ ಎಂದರು. ಮುಂದಿನ ಮಾತು ಹೊರಡಲಿಲ್ಲ.

ಅತ್ತೆ ಅವರನ್ನೊಮ್ಮೆ ನೋಡಿದರು. ಸೇರಿದ್ದ ಜನರನ್ನೊಮ್ಮೆ ನೋಡಿದರು. ಆಮೇಲೆ ಅಪ್ಪನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಸೊಂಟದ ಮೇಲೆ ಎರಡೂ ಕೈ ಇಟ್ಟು ನಿಂತು, ಇಡೀ ದಂಡೆಗೆ ಕೇಳುವಂತೆ ಹೇಳಿದರು:

‘ಹೇಗೆ ಅಂದ್ರೆ? ಈಚೆಗೆ ನಾನು ಸ್ವಲ್ಪ ಸಣ್ಣ ಆಗಿದೀನಿ, ಕಾಣಲ್ವಾ?’